ಆಟ ದೂರದ ಸರ್ವರಿನಲ್ಲಿ, ಹುಟ್ಟಿದ ದಿನಾಂಕವೂ ಅಲ್ಲೇ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಟಿವಿ ಮುಂದೆ ಕುಳಿತು ಕ್ಲೌಡ್ ಗೇಮಿಂಗ್ ಖಾತೆಯೊಂದನ್ನು ತೆರೆಯುತ್ತಿದ್ದ. ಅವನಿಗಿನ್ನೂ ಹದಿನಾಲ್ಕು. ಹುಟ್ಟಿದ ವರ್ಷ ಕೇಳಿದ ಕಡೆ ರಿಮೋಟಿನ ಬಾಣದ ಗುಂಡಿ ಒತ್ತಿ ಹಿಡಿದ. ಅಂಕಿಗಳು ಸರಸರನೆ ಹಿಂದಕ್ಕೋಡಿ 1985ಕ್ಕೆ ನಿಂತವು.

‘ಅದು ನಿಮ್ಮಪ್ಪ ಹುಟ್ಟಿದ ವರ್ಷ ಕಣೋ.’

‘ಗೊತ್ತು ಮಾಮ. ನಂದು ಹಾಕಿದ್ರೆ ಅಪ್ಪನ ಇಮೇಲಿಗೆ ಹೋಗುತ್ತೆ, ಅವರು ಓಕೆ ಅನ್ನೋವರೆಗೂ ಆಡಕ್ಕಾಗಲ್ಲ.’

ಆಮೇಲೆ ಬಂದ ಷರತ್ತುಗಳ ಉದ್ದನೆಯ ಪುಟವನ್ನು ಅವನೂ ಓದಲಿಲ್ಲ, ನಾನೂ ಓದಲಿಲ್ಲ. ಕಾನೂನಿನ ಬಗ್ಗೆ ಬರೆಯುವವನ ಮನೆಯಲ್ಲೇ ಈ ಕಥೆ.

ಕ್ಲೌಡ್ ಗೇಮಿಂಗಿನಲ್ಲಿ ಆಟ ಓಡುವುದು ಎಲ್ಲೋ ಇರುವ ಡೇಟಾ ಸೆಂಟರಿನ ಕಂಪ್ಯೂಟರಿನಲ್ಲಿ. ಅದರ ಚಿತ್ರ ವಿಡಿಯೊ ಆಗಿ ನಮ್ಮ ಪರದೆಗೆ ಬರುತ್ತದೆ, ನಾವು ಒತ್ತಿದ ಒಂದೊಂದು ಗುಂಡಿಯೂ ಅಲ್ಲಿಗೆ ಹೋಗುತ್ತದೆ. ದುಬಾರಿ ಕನ್ಸೋಲ್ ಕೊಳ್ಳಬೇಕಿಲ್ಲ ಎಂಬುದೇ ಇದರ ಆಕರ್ಷಣೆ. ಸಿ.ಡಿ. ಹಾಕಿ ಆಡುವಾಗ ನೀವು ರಾತ್ರಿ ಎಷ್ಟು ಹೊತ್ತಿನವರೆಗೆ ಆಡಿದಿರಿ, ಯಾವ ಹಂತದಲ್ಲಿ ಸೋತು ಎದ್ದಿರಿ ಎಂಬುದು ಮನೆಯವರಿಗಷ್ಟೇ ಗೊತ್ತಿರುತ್ತಿತ್ತು. ಈಗ ಅದು ಕಂಪನಿಗೂ ಗೊತ್ತಾಗುವಂತಿದೆ. ಐಪಿ ವಿಳಾಸ, ಸಾಧನದ ವಿವರ, ಪಾವತಿಯ ವಿವರ, ಗೆಳೆಯರ ಪಟ್ಟಿ, ಮೈಕ್ ಹಾಕಿಕೊಂಡರೆ ದನಿ, ಎಲ್ಲವೂ ಅದೇ ದಾರಿಯಲ್ಲಿ ಹೋಗುತ್ತವೆ.

ಇದರಲ್ಲಿ ಎಲ್ಲವೂ ತಪ್ಪಲ್ಲ. ಗುಂಡಿ ಒತ್ತಿದ್ದು ಸರ್ವರಿಗೆ ತಿಳಿಯದಿದ್ದರೆ ಆಟವೇ ನಡೆಯದು. ಆದರೆ ಆಟ ಆಡಿಸಲು ನನ್ನ ಫೋನಿನಲ್ಲಿರುವವರ ನಂಬರುಗಳು ಯಾಕೆ ಬೇಕು? ‘ಬೇಕೇ ಬೇಕಾದದ್ದು’ ಮತ್ತು ‘ಸಿಕ್ಕರೆ ಇರಲಿ ಎಂದು ಕೇಳಿದ್ದು’ ಇವೆರಡರ ನಡುವೆ ಗೆರೆ ಎಳೆಯುವುದೇ ಕಾನೂನಿನ ಕೆಲಸ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮವರೇ ಆದ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಆ ತೀರ್ಪಿನ ಬೆನ್ನಿಗೆ, ಆರು ವರ್ಷ ತಡವಾಗಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳು ಸಿದ್ಧವಾಗಲಿ ಎಂದು ಮುಖ್ಯ ಭಾಗಕ್ಕೆ ಮತ್ತೆ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ ತಿಂಗಳವರೆಗೆ. ಕಾಯುವಿಕೆ ನಮ್ಮ ಪಾಲಿಗೆ.

ಈ ಕಾಯ್ದೆಯಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು 6ನೇ ಕಲಂ. ಒಪ್ಪಿಗೆ ಒತ್ತಾಯದ್ದಾಗಿರಬಾರದು, ಇಂಥ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿರಬೇಕು, ಆ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗಷ್ಟೇ ಸೀಮಿತವಾಗಿರಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ದೂರದಿಂದ ವೈದ್ಯಸಲಹೆ ಕೊಡುವ ಆ್ಯಪ್ ಒಂದು, ಸಲಹೆಗೆ ಬೇಕಾದ ಮಾಹಿತಿಯ ಜೊತೆಗೆ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ, ಬಳಕೆದಾರರು ಎರಡಕ್ಕೂ ಹೂಂ ಎನ್ನುತ್ತಾರೆ. ಹಾಗಂದರೂ ಆ ಪಟ್ಟಿಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಯಾಕೆಂದರೆ ವೈದ್ಯಸಲಹೆಗೆ ಅದು ಬೇಕಿಲ್ಲ. ವೈದ್ಯರ ಜಾಗದಲ್ಲಿ ಆಟ ಇಟ್ಟು ಓದಿಕೊಳ್ಳಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ದಾರಿ ಇರಬೇಕು. ಹಿಂಪಡೆದರೆ ಸೇವೆ ನಿಲ್ಲಬಹುದು, ಅದು ಬೇರೆ ಮಾತು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಒಪ್ಪಿಗೆಯ ನೋಟಿಸನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನು ಕಂಪನಿ ಕೊಡಲೇಬೇಕು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಈ ಹಕ್ಕಿದೆ.

ಮತ್ತೆ ಆ 1985ಕ್ಕೆ ಬರೋಣ. ಈ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ತಂದೆ ತಾಯಿಯ ಒಪ್ಪಿಗೆಯನ್ನು ಖಾತರಿ ಮಾಡಿಕೊಳ್ಳದೆ ಮಕ್ಕಳ ಮಾಹಿತಿ ಮುಟ್ಟುವಂತಿಲ್ಲ. ಅವರ ನಡವಳಿಕೆಯ ಮೇಲೆ ನಿಗಾ ಇಡುವುದು, ಅವರನ್ನೇ ಗುರಿಮಾಡಿ ಜಾಹೀರಾತು ತೋರಿಸುವುದು ನಿಷಿದ್ಧ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಹುಡುಗ ಅಪ್ಪನ ವರ್ಷ ಹಾಕಿದ ಗಳಿಗೆಯಲ್ಲೇ ಕಂಪನಿಯ ಲೆಕ್ಕದಲ್ಲಿ ಅವನು ನಲವತ್ತರ ಗಂಡಸು, ಈ ಬೇಲಿಯ ಆಚೆ ನಿಂತವನು. ಹಾಗೆಂದು ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಖಾತೆ ತೆರೆಯುವಾಗ ಮಕ್ಕಳು ಕೊಟ್ಟ ವಿವರಗಳನ್ನು, ಹೆತ್ತವರು ನೋಂದಣಿ ಮುಗಿಸದೆ ಬಿಟ್ಟಾಗಲೂ ಇಟ್ಟುಕೊಂಡಿತ್ತು ಎಂಬ ಆರೋಪ ಎಕ್ಸ್‌ಬಾಕ್ಸ್ ವಿಷಯದಲ್ಲಿ ಮೈಕ್ರೋಸಾಫ್ಟ್ ಮೇಲೆ ಬಂದಿತ್ತು. 2023ರ ಜೂನಿನಲ್ಲಿ ಆ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

2027ರವರೆಗೆ ಕೈಕಟ್ಟಿ ಕೂರಬೇಕೆ? ಬೇಕಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಇನ್ನೂ ಇವೆ. ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ದೂರನ್ನು ಅವರು ಒಂದು ತಿಂಗಳಲ್ಲಿ ಪರಿಹರಿಸಬೇಕು. ಪ್ರೈವಸಿ ಪಾಲಿಸಿಯ ಕೊನೆಯಲ್ಲಿ ಹುಡುಕಿ. ಪತ್ರ ಇಷ್ಟೇ ಸಾಕು:

‘ನನ್ನ ಖಾತೆ ಈ ಇಮೇಲಿಗೆ ಸೇರಿದ್ದು. ನನ್ನ ಬಗ್ಗೆ ನೀವು ಇಟ್ಟುಕೊಂಡಿರುವ ಮಾಹಿತಿ ಯಾವುದು, ಯಾರಿಗೆ ಕೊಟ್ಟಿದ್ದೀರಿ ತಿಳಿಸಿ. ಕಾಂಟ್ಯಾಕ್ಟ್ ಪಟ್ಟಿ ಮತ್ತು ಜಾಹೀರಾತಿಗೆ ಕೊಟ್ಟ ಒಪ್ಪಿಗೆಯನ್ನು ಈ ಮೂಲಕ ಹಿಂಪಡೆದಿದ್ದೇನೆ. ಆ ಮಾಹಿತಿಯನ್ನು ಅಳಿಸಿ ಲಿಖಿತವಾಗಿ ಉತ್ತರಿಸಿ.’

ಫೋನ್ ಮಾಡಬೇಡಿ, ಇಮೇಲ್ ಮಾಡಿ. ಚಾಟ್‌ಬಾಟಿನ ಜೊತೆ ಜಗಳವಾಡಿ ಪ್ರಯೋಜನವಿಲ್ಲ.

ಹಣ ಕೊಟ್ಟು ಚಂದಾದಾರರಾಗಿದ್ದರೆ ನೀವು ಗ್ರಾಹಕರೂ ಹೌದು. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಹೊರತಾಗಿ ಇತರರಿಗೆ ಬಿಟ್ಟುಕೊಡುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಗೆಹರಿಯದಿದ್ದರೆ ಇ-ಜಾಗೃತಿ ಪೋರ್ಟಲಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಕಂಪನಿ ಎಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಖಾತೆ ಹ್ಯಾಕ್ ಆಗಿ ದುಡ್ಡು ಹೋದರೆ ಮಾತ್ರ ಈ ಯಾವುದಕ್ಕೂ ಕಾಯದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗ್ರಾಹಕರ ಆಯೋಗವನ್ನು ಒತ್ತಿ ಹೇಳಲು ಕಾರಣವಿದೆ. ಹೊಸ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿ ಕಂಪನಿಗೆ 250 ಕೋಟಿವರೆಗೆ ದಂಡ ಹಾಕಬಲ್ಲದು. ಆದರೆ ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ, ಮಾಹಿತಿ ಕಳೆದುಕೊಂಡವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಭದ್ರತೆಯ ನಿರ್ಲಕ್ಷ್ಯಕ್ಕೆ ಪರಿಹಾರ ಕೊಡಿಸುತ್ತಿದ್ದ ಐಟಿ ಕಾಯ್ದೆಯ 43ಎ ಕಲಮನ್ನೂ ಹೊಸ ಕಾಯ್ದೆ ತೆಗೆದುಹಾಕಲಿದೆ. ಇದು ಕಾಯ್ದೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಪರಿಹಾರ ಬೇಕಾದವರು ಪುರಾವೆ ಹಿಡಿದು ಆಯೋಗದ ಬಾಗಿಲಿಗೇ ಹೋಗಬೇಕು. ಆದ್ದರಿಂದ ಚಂದಾ ಕಟ್ಟಿದ ರಸೀದಿ, ಒಪ್ಪಿಗೆ ಕೇಳಿದ ಪುಟದ ಸ್ಕ್ರೀನ್‌ಶಾಟ್, ಕಳಿಸಿದ ಇಮೇಲ್, ಬಂದ ಉತ್ತರ, ಇವನ್ನು ಫೋನಿನಲ್ಲಿ ಜಾಗ ಸಾಲದೆಂದು ಅಳಿಸಿಬಿಡಬೇಡಿ.