ಹಳೆಯ ಜನನ-ಮರಣ ರಿಜಿಸ್ಟರಿನಲ್ಲಿ ಮನೆತನದ ಚರಿತ್ರೆ

ಅರಸರ ಚರಿತ್ರೆಗೆ ಶಾಸನಗಳುಂಟು. ರೈತನ ಮನೆಯ ಚರಿತ್ರೆಗೆ ತಾಲ್ಲೂಕು ಕಚೇರಿಯ ಹಳೆಯ ಜನನ-ಮರಣ ರಿಜಿಸ್ಟರೇ ಆಧಾರ. ಇವುಗಳ ಕಾಯಿದೆ 1969ರದು. ನಮ್ಮ ರಾಜ್ಯದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಪ್ರಕರಣದಂತೆ ಯಾರೇ ಆಗಲಿ ಶುಲ್ಕ ತೆತ್ತು ದಾಖಲೆಯನ್ನು ಹುಡುಕಿಸಬಹುದು, ಪ್ರಮಾಣಪತ್ರ ಪಡೆಯಬಹುದು.

ಕಷ್ಟವಿರುವುದು ಹುಡುಕುವುದರಲ್ಲಿ. ಹೆಸರು ಹಿಡಿದು ಹೊರಟರೆ ಸಿಗುವುದು ಅಪೂರ್ವ. ಜನನವನ್ನು ಬರೆಸುವಾಗ ಮಗುವಿಗೆ ಎಷ್ಟೋ ಸಲ ನಾಮಕರಣವೇ ಆಗಿರುವುದಿಲ್ಲ. ಹೆಸರನ್ನು ಆಮೇಲೆ ಸೇರಿಸಲು ಕಾಯಿದೆಯಲ್ಲಿ ಅವಕಾಶವುಂಟು. ಆದರೆ ಹೊಲದ ಕೆಲಸ ಬಿಟ್ಟು ಅದಕ್ಕಾಗಿ ಮತ್ತೆ ಹೋಗುವವರಾರು? ಆದುದರಿಂದ ಅರ್ಜಿಯಲ್ಲಿ ತಂದೆತಾಯಿಗಳ ಹೆಸರು, ಗ್ರಾಮ, ಅಂದಾಜು ಕಾಲ ಇವನ್ನೇ ಮುಖ್ಯವಾಗಿ ಕಾಣಿಸಬೇಕು. ಚೊಚ್ಚಲ ಹೆರಿಗೆಯಾದರೆ ತಾಯಿಯ ತವರೂರನ್ನು ಮರೆಯಬಾರದು. ಜನನ ದಾಖಲಾಗುವುದು ಹೆರಿಗೆಯಾದ ಸ್ಥಳದಲ್ಲಿ, ಗಂಡನ ಊರಿನಲ್ಲಲ್ಲ.

ಹಿರಿಯರು ಇಸವಿ ಹೇಳುವುದಿಲ್ಲ. ನನ್ನ ಅಜ್ಜಿ ತನ್ನ ಚೊಚ್ಚಲ ಮಗು ಹುಟ್ಟಿದ್ದು “ಪರಿಧಾವಿ ಸಂವತ್ಸರ, ಬರದ ವರ್ಷ” ಎಂದಳು. ಪಂಚಾಂಗದ ಲೆಕ್ಕಕ್ಕೆ ಅದು 1972ರ ಯುಗಾದಿಯಿಂದ 1973ರ ಯುಗಾದಿಯವರೆಗೆ. ಅಷ್ಟು ಪುಟಗಳನ್ನು ತಿರುವಿಸಿದರೆ ಸಾಕಾಯಿತು. ಆ ಮಗುವಿನ ಭಾವಚಿತ್ರವಿಲ್ಲ, ಹೂತ ಜಾಗದ ಗುರುತೂ ಇಲ್ಲ. ಅಜ್ಜಿಯ ತವರಿನ ರಿಜಿಸ್ಟರಿನಲ್ಲಿ ತಾತನ ಹೆಸರಿನೊಡನೆ “ಗಂಡು” ಎಂಬ ಒಂದು ಸಾಲು. ಎಂಟು ತಿಂಗಳ ತರುವಾಯ ಮರಣದ ರಿಜಿಸ್ಟರಿನಲ್ಲಿ ಇನ್ನೊಂದು.

“ಏನಾಗಿ ಹೋಯ್ತು ಅಂತ ಬರೆದೈತೆ, ಮಗಾ?” ಎಂದು ಅಜ್ಜಿ ಕೇಳಿದಳು. ಮರಣದ ಕಾರಣವನ್ನು ಪ್ರಮಾಣಪತ್ರದಲ್ಲಿ ಯಾರಿಗೂ ತಿಳಿಸಕೂಡದೆಂದು ಅದೇ 17ನೆಯ ಪ್ರಕರಣ ವಿಧಿಸುತ್ತದೆ. ದಿನಾಂಕವನ್ನು ಮಾತ್ರ ಓದಿ ಹೇಳಿದೆ.