ಎರೆ ಮಣ್ಣಿನ ಊರಲ್ಲಿ ಸೇವಂತಿಗೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆಯಂಗಳದಲ್ಲಿ ಸೇವಂತಿಗೆ ಹಚ್ಚಿದವರನ್ನು ಕಾಡುವುದು ಮುಖ್ಯವಾಗಿ ಎರಡು: ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಗಿಡ ಸುಡುತ್ತದೆ. ಎರಡನ್ನೂ ತಪ್ಪಿಸಬಹುದು.

ಮೊದಲು ಮಣ್ಣು. ನೀರು ಹಿಡಿದಿಡುವ ಎರೆ ಭೂಮಿ ಜೋಳಕ್ಕೆ ಒಳ್ಳೆಯದು, ಸೇವಂತಿಗೆಯ ಎಳೆ ಬೇರಿಗಲ್ಲ. ನೆಲದಲ್ಲಿ ಹಚ್ಚುವುದಾದರೆ ಗೇಣೆತ್ತರದ ಮಡಿ ಮಾಡಿ, ಉಸುಕು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ನನ್ನ ಮಟ್ಟಿಗೆ ಕುಂಡವೇ ಲೇಸು, ಬಿಸಿಲು ಏರಿದಾಗ ನೆರಳಿಗೆ ಸರಿಸಬಹುದು. ತಳದಲ್ಲಿ ತೂತಿರುವ 10 ಇಂಚಿನ ಕುಂಡಕ್ಕೆ ಮಣ್ಣು, ಉಸುಕು, ಗೊಬ್ಬರ ಸಮಪಾಲು ಸಾಕು.

ಜೂನ್ ಕೊನೆಗೆ ಅಥವಾ ಜುಲೈನಲ್ಲಿ, ಒಂದೆರಡು ಹದ ಮಳೆಯಾದ ಮೇಲೆ, ಸಂಜೆ ಹೊತ್ತು ಸಸಿ ಹಚ್ಚಿ. ನೆರೆಮನೆಯ ಹಳೆ ಗಿಡದ ಬುಡದಲ್ಲಿ ಎದ್ದ ಮರಿ ಸಿಕ್ಕರೆ ಅದನ್ನೇ ತನ್ನಿ. ಇಲ್ಲಿಯ ಬೇಸಿಗೆ ದಾಟಿದ ಗಿಡದ ಮರಿ ಅದು. ಹೂವರಳಿಸಿ ಮಾರುವ ಕುಂಡಕ್ಕಿಂತ ನಂಬಿಕಸ್ತ.

ನಾಲ್ಕು ವಾರಕ್ಕೆ ತುದಿಯ ಕುಡಿ ಚಿವುಟಿ. ಇದನ್ನು ಮಾಡಲು ಮನಸ್ಸು ಬರುವುದಿಲ್ಲ, ಆದರೆ ಮಾಡಲೇಬೇಕು: ತುದಿ ಇರುವವರೆಗೆ ಪಕ್ಕದ ಕಣ್ಣುಗಳು ಚಿಗುರಲು ಹಿಂಜರಿಯುತ್ತವೆ. ಹೊಸ ಟೊಂಗೆಗಳು ಬೆಳೆದಾಗ ಇನ್ನೊಮ್ಮೆ ಚಿವುಟಿ, ಆಗಸ್ಟ್ ಮುಗಿದ ಮೇಲೆ ಮುಟ್ಟಬೇಡಿ. ರಾತ್ರಿ ಉದ್ದವಾಗುತ್ತ ಹೋದಂತೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಹಾಗಾಗಿ ಇಡೀ ರಾತ್ರಿ ಉರಿಯುವ ಅಂಗಳದ ಬಲ್ಬು, ಬೀದಿದೀಪದ ಬೆಳಕಿನಿಂದ ಕುಂಡವನ್ನು ದೂರವಿಡಿ. ಆ ಬೆಳಕಲ್ಲಿ ಗಿಡ ಸೊಂಪಾಗಿದ್ದೂ ಹೂವು ತಡವಾಗುತ್ತದೆ.

ಎರೆ ಮಣ್ಣು ಮೇಲೆ ಬಿರಿದಿದ್ದರೂ ಒಳಗೆ ಹಸಿ ಇರುತ್ತದೆ. ಬೆರಳಿಳಿಸಿ ನೋಡಿಯೇ ನೀರು ಹಾಕಿ, ಅದೂ ಬೆಳಿಗ್ಗೆ, ಬುಡಕ್ಕೆ. ಎಲೆ ತೋಯುತ್ತಿದ್ದರೆ ಕಪ್ಪು ಚುಕ್ಕೆ ರೋಗ ಬೇಗ ಹರಡುತ್ತದೆ. ಕುಡಿಗೆ ಹೇನು ಮುತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ತುಸು ಸಾಬೂನು ನೀರು ಕಲಸಿ ಸಂಜೆ ಸಿಂಪಡಿಸಿ.

ಹೂವು ಮುಗಿದ ಗಿಡವನ್ನು ಕಿತ್ತೆಸೆಯಬೇಡಿ. ಗೇಣುದ್ದ ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಬೇವಿನ ಗಿಡದ ನೆರಳಲ್ಲಿಟ್ಟು ಹಸಿ ಆರದಂತೆ ನೋಡಿಕೊಳ್ಳಿ, ಗೊಬ್ಬರ ಹಾಕಬೇಡಿ. ಮಳೆ ಹಿಡಿದಾಗ ಮರಿಗಳನ್ನು ಬೇರು ಸಮೇತ ಬಿಡಿಸಿ ಹೊಸ ಮಣ್ಣಿಗೆ ಹಚ್ಚಿ. ನಡುವಿನ ಹಳೆ ಮೋಟನ್ನು ತಿಪ್ಪೆಗೆ ಹಾಕಿ. ಅದನ್ನೇ ಮತ್ತೆ ಹಚ್ಚಿದರೆ ಹೂವು ಚಿಕ್ಕದಾಗುತ್ತದೆ.