ಬೇಟೆಯ ದುರ್ಬೀನಿನೊಳಗಿನ ಅಡ್ಡತಂತಿ

ಸ್ಪೆಕ್ಟ್ರೋಮೀಟರಿನ ದೂರದರ್ಶಕದೊಳಗೆ ಕಣ್ಣಿಟ್ಟ ಕಾಲೇಜು ವಿದ್ಯಾರ್ಥಿಗೆ ಮೊದಲು ಕಾಣುವುವು ಎರಡು ಅಡ್ಡತಂತಿಗಳು. ರೋಹಿತದ ಗೆರೆಯನ್ನು ಅವು ಕೂಡುವ ಬಿಂದುವಿಗೆ ತಂದು ಕೋನವನ್ನು ಓದಬೇಕು. ಬೇಟೆಯ ರೈಫಲಿನ ಮೇಲೆ ಕೂರಿಸುವ ದುರ್ಬೀನಿನಲ್ಲಿಯೂ ಇಂಥದೇ ಗುರುತೊಂದಿದೆ. ಅದಕ್ಕೆ ರೆಟಿಕಲ್ ಎಂದು ಹೆಸರು. ಪ್ರಯೋಗಶಾಲೆಯಲ್ಲಿ ತಂತಿ ಸರಿಯಾಗಿ ಕಾಣದಿದ್ದರೆ ಉತ್ತರವು ಒಂದೆರಡು ಮಿನಿಟು ತಪ್ಪೀತು. ಕಾಡಿನಲ್ಲಾದರೋ ಗುಂಡು ಹೃದಯವನ್ನು ಬಿಟ್ಟು ಹೊಟ್ಟೆಗೆ ತಗುಲಿ, ಪ್ರಾಣಿಯು ಕತ್ತಲೆಯೊಳಗೆ ಓಡಿಹೋಗಿ ಗಂಟೆಗಟ್ಟಲೆ ನರಳೀತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಪ್ರಾಣಿಗಳ ಬೇಟೆ ನಿಷಿದ್ಧವಾಗಿದೆ. ಜರ್ಮನಿಯಲ್ಲಿ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಇಂದಿಗೂ ಜಿಂಕೆ, ಕಾಡುಹಂದಿಗಳನ್ನು ಬೇಟೆಯಾಡುತ್ತಾರೆ. ಎಂಥ ರೆಟಿಕಲನ್ನು ಆರಿಸಬೇಕೆಂಬುದು ಅವರ ಪ್ರಶ್ನೆ; ನಮಗೆ ಅದು ಬೆಳಕನ್ನೂ ಕಣ್ಣನ್ನೂ ಕುರಿತ ಒಳ್ಳೆಯ ಲೆಕ್ಕ.

ತಂತಿಯನ್ನು ದುರ್ಬೀನಿನಲ್ಲಿ ಎಲ್ಲೆಂದರಲ್ಲಿ ಇಡಲಾಗದು. ವಸ್ತುಮಸೂರವು ದೂರದ ವಸ್ತುವಿನ ನಿಜಬಿಂಬವನ್ನು ಮೂಡಿಸುವ ತಲದಲ್ಲಿಯೇ ಅದು ಇರಬೇಕು. ಆಗ ಬಿಂಬವೂ ತಂತಿಯೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುವು. ಗೆಲಿಲಿಯೋ ಬಗೆಯ ದೂರದರ್ಶಕದೊಳಗೆ ನಿಜಬಿಂಬವೇ ಏರ್ಪಡದು. ಆದುದರಿಂದ ಅದರಲ್ಲಿ ಅಡ್ಡತಂತಿಗೆ ಎಡೆಯಿಲ್ಲ. ಕೆಪ್ಲರನ ಬಗೆಯದರಲ್ಲಿ ಎಡೆಯುಂಟೆಂಬುದನ್ನು ಸುಮಾರು 1640ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಕಂಡುಕೊಂಡನು. ಜೇಡವೊಂದು ಅವನ ಉಪಕರಣದೊಳಗೆ ಎಳೆದಿದ್ದ ನೂಲು ಸರಿಯಾಗಿ ಆ ತಲದಲ್ಲಿಯೇ ಇದ್ದುದರಿಂದ ಅವನಿಗೆ ಈ ಉಪಾಯ ಹೊಳೆಯಿತಂತೆ. ಜೇಡಕ್ಕೆ ಅದರ ಅರಿವಿರಲಿಲ್ಲವೆಂಬುದು ಬೇರೆ ಮಾತು!

ಇನ್ನು ತಂತಿಯ ದಪ್ಪವೆಷ್ಟಿರಬೇಕು? ತೆಳುವಾದಷ್ಟೂ ಒಳ್ಳೆಯದೆಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡೋಣ. ವಸ್ತುಮಸೂರದ ನಾಭಿದೂರ 200 ಮಿ.ಮೀ., ತಂತಿಯ ದಪ್ಪ 0.01 ಮಿ.ಮೀ. ಎಂದಿಟ್ಟುಕೊಳ್ಳೋಣ. ತಂತಿಯು ಮರೆಮಾಡುವ ಕೋನ 0.01/200, ಎಂದರೆ 0.05 ಮಿಲಿರೇಡಿಯನ್. 100 ಮೀಟರು ದೂರದಲ್ಲಿ ಅದು ಪ್ರಾಣಿಯ ಮೈಮೇಲೆ 5 ಮಿ.ಮೀ. ಅಗಲವನ್ನಷ್ಟೇ ಮುಚ್ಚುವುದು. ದುರ್ಬೀನಿನ ವರ್ಧನೆ 8 ಆದರೆ ಈ ತಂತಿಯು ಕಣ್ಣಿಗೆ 0.4 ಮಿಲಿರೇಡಿಯನ್, ಎಂದರೆ ಸುಮಾರು 1.4 ಮಿನಿಟು ಅಗಲವಾಗಿ ತೋರುವುದು. ಹಗಲಿನಲ್ಲಿ ಕಣ್ಣು ಸುಮಾರು 1 ಮಿನಿಟಿನ ವಿವರವನ್ನು ಬಿಡಿಸಿ ನೋಡಬಲ್ಲುದಾದ್ದರಿಂದ ಇಷ್ಟು ಸಾಕು. ಬೆಳಗುವ ಹಿನ್ನೆಲೆಯಿದ್ದರೆ ಇನ್ನೂ ಸಪೂರವಾದ ಗೆರೆಯೂ ಕಾಣುವುದು. ಆಕಾಶದೆದುರಿಗೆ ಬಹುದೂರದ ವಿದ್ಯುತ್ ತಂತಿಯನ್ನು ನಾವು ಕಾಣುವುದಿಲ್ಲವೆ?

ಆದರೆ ರೋ ಜಿಂಕೆ ಬಯಲಿಗೆ ಬರುವುದು ಹೆಚ್ಚಾಗಿ ನಸುಕಿನಲ್ಲಿ ಇಲ್ಲವೆ ಮುಸ್ಸಂಜೆಯಲ್ಲಿ. ಕಾಡುಹಂದಿ ಹೊರಡುವುದು ರಾತ್ರಿಯಲ್ಲಿ. ಆಗ ಅಕ್ಷಿಪಟದ ಶಂಕುಕೋಶಗಳು ಸೋತು ದಂಡಕೋಶಗಳು ಕೆಲಸವನ್ನು ವಹಿಸಿಕೊಳ್ಳುವುವು. ದೃಷ್ಟಿಯ ನಟ್ಟನಡುವಿನ ಚುಕ್ಕೆಯಲ್ಲಿ ದಂಡಕೋಶಗಳೇ ಇಲ್ಲ. ದೃಷ್ಟಿಯ ಸೂಕ್ಷ್ಮತೆಯು ಹಗಲಿನ ಹತ್ತರಲ್ಲೊಂದಂಶಕ್ಕೆ ಇಳಿಯುವುದುಂಟು. ಕಾಣಬೇಕಾದರೆ ವಿವರವು ಸುಮಾರು 10 ಮಿನಿಟು ಇರಬೇಕು. ನಮ್ಮ ತಂತಿಯಾದರೋ 1.4. ಕಪ್ಪು ಪೊದೆಯ ಮುಂದೆ ಕಪ್ಪು ತಂತಿಯು ಇಲ್ಲದಂತೆಯೇ ಸರಿ. ಪ್ರಾಣಿ ಕಾಣುವುದು, ಗುರಿ ಎಲ್ಲಿದೆಯೆಂಬುದು ಕಾಣದು. ಅಪಾಯವಿರುವುದು ಇಲ್ಲಿಯೇ, ಏಕೆಂದರೆ ಅಂದಾಜಿನಿಂದ ಕುದುರೆ ಎಳೆಯುವ ಆಸೆ ಆಗಲೇ ಹೆಚ್ಚು.

ಇದಕ್ಕಾಗಿಯೇ ಜರ್ಮನರು ದಪ್ಪ ಪಟ್ಟಿಗಳನ್ನು ಬಳಕೆಗೆ ತಂದರು. ಅವರ 4ನೆಯ ನಮೂನೆಯಲ್ಲಿ ಎಡದಿಂದ, ಬಲದಿಂದ, ಕೆಳಗಿನಿಂದ ಮೂರು ದಪ್ಪ ಪಟ್ಟಿಗಳು ಒಳಕ್ಕೆ ಚಾಚಿ ಬರುವುವು. ನಡುವಿನಲ್ಲಿ ಮಾತ್ರ ತೆಳುವಾದ ಅಡ್ಡತಂತಿ. ಮೇಲ್ಗಡೆ ಬಯಲು. ಪಟ್ಟಿಯ ದಪ್ಪ 0.2 ಮಿ.ಮೀ. ಆದರೆ ಮೇಲಿನ ದುರ್ಬೀನಿನಲ್ಲಿ ಅದು 27 ಮಿನಿಟಿನಷ್ಟು ತೋರುವುದು. ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ಸ್ವಲ್ಪವೇ ಕಡಿಮೆ. ನಡುವಿನ ತಂತಿ ಮಾಯವಾದರೂ ಮೂರು ಪಟ್ಟಿಗಳ ಮಧ್ಯವನ್ನು ಕಣ್ಣು ತಾನಾಗಿ ಹಿಡಿಯುತ್ತದೆ. ಅಮೆರಿಕದ ಲ್ಯೂಪೋಲ್ಡ್ ಸಂಸ್ಥೆ 1962ರಲ್ಲಿ ಹೊರತಂದ ಡ್ಯೂಪ್ಲೆಕ್ಸ್ ನಮೂನೆಯಲ್ಲಿ ಪಟ್ಟಿಗಳು ನಾಲ್ಕು, ತತ್ತ್ವ ಅದೇ.

ವರ್ಧನೆಯನ್ನು ಬದಲಾಯಿಸಬಹುದಾದ ದುರ್ಬೀನಿನಲ್ಲಿ ಮತ್ತೊಂದು ತೊಡಕು. ಬಿಂಬವನ್ನು ನೆಟ್ಟಗೆ ಮಾಡುವ ಮಸೂರಗಳ ಹಿಂದೆ ಒಂದು, ಮುಂದೆ ಒಂದು, ಹೀಗೆ ಬಿಂಬತಲಗಳು ಎರಡು. ವಸ್ತುಮಸೂರದ ಕಡೆಯ ಮೊದಲನೆಯ ತಲದಲ್ಲಿಟ್ಟ ರೆಟಿಕಲ್ ಬಿಂಬದೊಡನೆ ತಾನೂ ಹಿಗ್ಗಿ ಕುಗ್ಗುವುದು. ಅಳತೆಯ ಗುರುತುಗಳು ಯಾವ ವರ್ಧನೆಯಲ್ಲಿಯೂ ಸರಿಯಾಗಿರುವುವು, ಆದರೆ ಕಡಿಮೆ ವರ್ಧನೆಯಲ್ಲಿ ತಂತಿ ಸಪೂರವಾಗುವುದು. ಎರಡನೆಯ ತಲದಲ್ಲಿಟ್ಟರೆ ತಂತಿ ಸದಾ ಒಂದೇ ದಪ್ಪ. ಗುರುತುಗಳು ಮಾತ್ರ ಒಂದೇ ವರ್ಧನೆಯಲ್ಲಿ ನಿಜ. 10ರ ವರ್ಧನೆಗೆಂದು ಗುರುತಿಸಿದ 1 ಮಿಲಿರೇಡಿಯನ್ ಅಂತರವು 5ರಲ್ಲಿ 2 ಆಗಿಬಿಡುವುದು. ಬೆನ್ನಿನಿಂದ ಎದೆಯ ತಳದವರೆಗೆ 50 ಸೆಂ.ಮೀ. ಇರುವ ಕೆಂಪುಜಿಂಕೆಯೊಂದು 100 ಮೀಟರಿನಲ್ಲಿ ನಿಂತಿದ್ದರೆ ಅದು ಆಗ ಎರಡೂವರೆ ಅಂತರಗಳಲ್ಲಿ ಹಿಡಿಸುವುದು. ಮರೆತ ಬೇಟೆಗಾರನು 0.5ನ್ನು 0.0025ರಿಂದ ಭಾಗಿಸಿ 200 ಮೀಟರು ಎಂದೆಣಿಸಿ, ಗುಂಡು ಇಳಿದೀತೆಂದು ಮೇಲಕ್ಕೆ ಗುರಿಯಿಡುವನು.

ಹತ್ತಿರದ ಹಂದಿಗೆ, ಮಂದ ಬೆಳಕಿನಲ್ಲಿ, ದಪ್ಪ ಪಟ್ಟಿಯ ಸರಳ ನಮೂನೆಯೇ ಲೇಸೆಂದು ನಮ್ಮ ಅಭಿಪ್ರಾಯ. ಗುರುತುಗಳು ಮರದ ಕೊಂಬೆಗಳಂತೆ ಹಬ್ಬಿದ ನಮೂನೆಗಳು ಹಗಲಿನಲ್ಲಿ ದೂರದ ಗುರಿಗೆ ಆಗಬಹುದು. ಕತ್ತಲೆಯಲ್ಲಿ ಅವು ಬರಿಯ ಕಸ. ಈಚಿನ ದುರ್ಬೀನುಗಳಲ್ಲಿ ನಡುವೆ ಉರಿಯುವ ಕೆಂಪು ಚುಕ್ಕೆಯನ್ನು ಇಡುತ್ತಾರೆ. ದಂಡಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಕದು. ಕತ್ತಲೆಗೆ ಪಳಗಿದ ಕಣ್ಣು ಕೆಡದು. ಆದರೂ ಅದರ ಪ್ರಕಾಶವನ್ನು ಇಳಿಸುತ್ತ ಬಂದು, ಇನ್ನೇನು ಕಾಣದಾಗುವುದೆನ್ನುವ ಮಟ್ಟದಲ್ಲಿ ನಿಲ್ಲಿಸಬೇಕು. ಹೆಚ್ಚಾದರೆ ಚುಕ್ಕೆಯ ಸುತ್ತ ಬೆಳಕು ಚೆಲ್ಲಿ, ಅದರ ಹಿಂದಿರುವ ಪ್ರಾಣಿಯೇ ಅಳಿಸಿಹೋಗುವುದು.